‘ನೀನೇ ಬಿಡಿಸ್ಕೊಡು’ ಅನ್ನುವ ಮಗುವಿಗೆ ಚಿತ್ರ ಕಲಿಸುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ಮನುಷ್ಯನನ್ನು ಬಿಡಿಸು ಅಂದರೆ ಒಂದು ದೊಡ್ಡ ಸೊನ್ನೆ ಸುತ್ತಿ, ಎರಡು ಕಣ್ಣಿಟ್ಟು, ಅದರಿಂದಲೇ ಎರಡು ಕಾಲು ಇಳಿಸುತ್ತಾಳೆ. ಹೊಟ್ಟೆ ಇಲ್ಲ, ಕೈ ಇಲ್ಲ. ಅವಳದೇ ವಯಸ್ಸಿನ ಪಕ್ಕದ ಮನೆ ಹುಡುಗ ಮನೆ, ಮರ, ಸೂರ್ಯ ಎಲ್ಲ ಬಿಡಿಸುತ್ತಾನೆ, ಗೆರೆ ದಾಟದ ಹಾಗೆ ಬಣ್ಣವನ್ನೂ ತುಂಬುತ್ತಾನೆ. ನಾನು ಕೈ ಹಿಡಿದು ಕಲಿಸಲು ನೋಡಿದೆ. ಈಗ ಕಾಗದ ಕೊಟ್ಟರೆ ಸಾಕು, ‘ನಂಗೆ ಬರಲ್ಲ, ನೀನೇ ಬಿಡಿಸ್ಕೊಡು’ ಅನ್ನುತ್ತಾಳೆ. ಬಿಡಿಸಿದರೂ ಬರೀ ಕಪ್ಪು ಬಣ್ಣ. ಡ್ರಾಯಿಂಗ್ ಕ್ಲಾಸಿಗೆ ಸೇರಿಸಬೇಕಾ? ಚಿತ್ರ ಬಿಡಿಸಿದರೆ ಬುದ್ಧಿ ಬೆಳೆಯುತ್ತೆ ಅನ್ನುವುದು ನಿಜವಾ? ಮನೆ ತುಂಬ ಕಾಗದದ ರಾಶಿ ಬೇರೆ. ಏನು ಮಾಡಲಿ?

ಉತ್ತರ: ಮೊದಲು ಆ ಸೊನ್ನೆ ಮನುಷ್ಯನ ವಿಷಯ ಮುಗಿಸೋಣ. ಮಕ್ಕಳ ಚಿತ್ರ ನೋಡುವವರು ಅವನಿಗೆ ಒಂದು ಹೆಸರನ್ನೇ ಇಟ್ಟಿದ್ದಾರೆ: ಗೊದಮೊಟ್ಟೆ ಮನುಷ್ಯ. ಕಪ್ಪೆಮರಿಯ ಹಾಗೆ ಬರೀ ತಲೆ, ಅದಕ್ಕೆ ಅಂಟಿದ ಬಾಲ. ಮೂರು, ನಾಲ್ಕು ವರ್ಷದ ಮಕ್ಕಳು ಬಿಡಿಸುವ ಮೊದಲ ಮನುಷ್ಯ ಹೆಚ್ಚುಕಡಿಮೆ ಇವನೇ. ಮಕ್ಕಳ ಬೆಳವಣಿಗೆ ನೋಡಲು ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಕೊಡುವ ಪಟ್ಟಿಯಲ್ಲಿ ನಾಲ್ಕನೇ ವರ್ಷಕ್ಕೆ ಚಿತ್ರದ ಬಗ್ಗೆ ಕೇಳುವುದು ಇಷ್ಟೇ: ಮನುಷ್ಯನ ದೇಹದ ಮೂರೋ ಅದಕ್ಕಿಂತ ಜಾಸ್ತಿಯೋ ಭಾಗ ಬಿಡಿಸುತ್ತದಾ? ತಲೆ, ಕಣ್ಣು, ಕಾಲು. ಎಣಿಸಿ ನೋಡಿ. ನಿಮ್ಮ ಮಗಳು ಆಗಲೇ ಪಾಸು.

ಹಾಗಾದರೆ ಹೊಟ್ಟೆ ಎಲ್ಲಿ ಹೋಯಿತು? ಹೊಟ್ಟೆ ತೋರಿಸು ಅಂದರೆ ಅವಳು ತನ್ನ ಹೊಟ್ಟೆಯನ್ನೇ ಪಟಪಟ ಬಡಿದು ತೋರಿಸುತ್ತಾಳೆ, ಅಲ್ವಾ? ಗೊತ್ತಿಲ್ಲದೆ ಬಿಟ್ಟದ್ದಲ್ಲ. ಒಂದು ತಮಾಷೆ ಮಾಡಿ. ಅವಳು ಸಂತೋಷವಾಗಿರುವಾಗ, ಪರೀಕ್ಷೆಯ ಧ್ವನಿಯಲ್ಲಲ್ಲದೆ ಸುಮ್ನೆ ಕೇಳಿ: ‘ಇವನ ಹೊಕ್ಕುಳ ಎಲ್ಲಿದೆ?’ ನಾನು ಹೀಗೆ ಕೇಳಿದಾಗ ಕೆಲವು ಮಕ್ಕಳು ಸೊನ್ನೆಯ ಒಳಗೇ, ಬಾಯಿಯ ಕೆಳಗೆ ಒಂದು ಚುಕ್ಕಿ ಇಟ್ಟಿದ್ದಾರೆ. ಕೆಲವರು ಎರಡು ಕಾಲುಗಳ ನಡುವಿನ ಖಾಲಿ ಜಾಗದಲ್ಲಿ ಇಟ್ಟಿದ್ದಾರೆ. ಅಂದರೆ ಹೊಟ್ಟೆ ಅಲ್ಲೇ ಇದೆ. ನಮಗೆ ಕಾಣುತ್ತಿಲ್ಲ, ಅಷ್ಟೇ. ಅದಕ್ಕೆ ಬೇರೆ ಗೆರೆ ಬೇಕು ಅಂತ ಅವರಿಗೆ ಇನ್ನೂ ಅನ್ನಿಸಿಲ್ಲ.

ಮಗು ಕಂಡದ್ದನ್ನು ಬಿಡಿಸುವುದಿಲ್ಲ, ತನಗೆ ಗೊತ್ತಿರುವುದನ್ನು ಬಿಡಿಸುತ್ತದೆ. ಅದರಲ್ಲೂ ಆ ಹೊತ್ತಿಗೆ ಮುಖ್ಯ ಅನ್ನಿಸಿದ್ದನ್ನು. ಫ್ರಾನ್ಸಿನ ಲ್ಯೂಕೆ ಅನ್ನುವವರು ತಮ್ಮ ಮಗಳ ಚಿತ್ರಗಳನ್ನೇ ವರ್ಷಗಟ್ಟಲೆ ಕೂಡಿಟ್ಟು, 1913ರಲ್ಲಿ ಅದರ ಮೇಲೆ ಬರೆದರು. ಆಮೇಲೆ 1927ರಲ್ಲಿ ಇನ್ನೂ ವಿವರವಾಗಿ ಇದನ್ನೇ ಹೇಳಿದರು. 1972ರಲ್ಲಿ ಫ್ರೀಮನ್ ಮತ್ತು ಜಾನಿಕೂನ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ಒಂದು ಟೀ ಕಪ್ಪು ಇಟ್ಟು ಪರೀಕ್ಷಿಸಿದರು. ಕಪ್ಪಿನ ಹಿಡಿ ಹಿಂದಕ್ಕಿದೆ, ಮಗುವಿಗೆ ಕಾಣುವುದಿಲ್ಲ. ಮುಂದೆ ಒಂದು ಹೂವಿನ ಚಿತ್ರ ಇದೆ, ಅದು ಕಾಣುತ್ತದೆ. ಇದನ್ನು ನೋಡಿ ಬಿಡಿಸು ಅಂದರು. ಚಿಕ್ಕ ಮಕ್ಕಳು ಕಾಣದ ಹಿಡಿಯನ್ನು ಬಿಡಿಸಿದರು, ಎದುರಿಗಿದ್ದ ಹೂವನ್ನು ಬಿಟ್ಟರು! ದೊಡ್ಡ ಮಕ್ಕಳು ಇದಕ್ಕೆ ಸರಿಯಾಗಿ ಉಲ್ಟಾ. ಚಿಕ್ಕವರ ಲೆಕ್ಕ ಸರಿಯೇ ಇದೆ ನೋಡಿ. ಹಿಡಿ ಇದ್ದರೆ ತಾನೇ ಕಪ್ಪು? ಹೂವು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಇದು ಮನಸ್ಸಿಗೆ ಬಂದರೆ ನಿಮ್ಮ ಅರ್ಧ ಪ್ರಶ್ನೆ ತಾನಾಗಿ ಕರಗುತ್ತದೆ. ಚಿತ್ರ ತಿದ್ದಲು ಹೋಗಬೇಡಿ. ಚಿತ್ರ ಬೆಳೆಯಬೇಕಾದರೆ ಅದರ ಹಿಂದಿನ ಗೊತ್ತಿರುವಿಕೆ ಬೆಳೆಯಬೇಕು. ಕೈ ಬಿಡಿಸಲಿಲ್ಲವಾ? ಕಾಗದ ಪಕ್ಕಕ್ಕಿಡಿ. ಚೆಂಡು ಎಸೆದು ಹಿಡಿಯುವ ಆಟ ಆಡಿ. ಕೈ ಎಷ್ಟು ಮೇಲೆ ಹೋಗುತ್ತೆ, ಎಲ್ಲಿ ಮಡಚುತ್ತೆ, ಎರಡೂ ಕೈ ಚಾಚಿದರೆ ಗೋಡೆಯಿಂದ ಗೋಡೆ ಮುಟ್ಟುತ್ತಾ ಅಂತ ನೋಡಿ. ಒಂದು ದಿನ ಚೆಂಡು ಹಿಡಿದವರ ಚಿತ್ರ ಬಿಡಿಸುವಾಗ ಕೈ ತಾನೇ ಬರುತ್ತದೆ. ಬಹುಶಃ ಕಿವಿಯ ಜಾಗದಿಂದ ಬರುತ್ತದೆ, ಬೆರಳುಗಳು ಪೊರಕೆಯ ಹಾಗೆ ಹನ್ನೊಂದು ಇರುತ್ತವೆ. ಇರಲಿ ಬಿಡಿ.

ಈಗ ಕೈ ಹಿಡಿದು ಕಲಿಸಿದ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮಾಡಿದ್ದೇನೆ. ಮಕ್ಕಳ ಜೊತೆ ಕೂತು ಚಿತ್ರ ಬಿಡಿಸುವ ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ಹುಡುಗ ತನ್ನ ಅಪ್ಪನನ್ನು ಬಿಡಿಸಿ ತಂದ. ಕೈ ಇರಲಿಲ್ಲ. ‘ಅಪ್ಪನಿಗೆ ಕೈ ಬೇಡ್ವಾ’ ಅಂತ ನಾನೇ ಎರಡು ಗೆರೆ ಎಳೆದೆ. ಅವನು ಆ ಗೆರೆಗಳನ್ನು ಒಂದು ಕ್ಷಣ ನೋಡಿದ. ಕಾಗದ ಮಗುಚಿ ಹಾಕಿದ. ಹಿಂಬದಿಯಲ್ಲಿ ಏನೂ ಬಿಡಿಸಲಿಲ್ಲ, ಎದ್ದು ಹೋದ. ಮುಂದಿನ ಕೆಲವು ದಿನ ಅವನು ಕ್ರೇಯಾನ್ ತಂದು ನನ್ನ ಕೈಗೇ ಕೊಡುತ್ತಿದ್ದ, ನಿಮ್ಮ ಮಗಳ ಹಾಗೆಯೇ. ಮಗುವಿಗೆ ಅದರಿಂದ ಅರ್ಥವಾಗುವುದು ಒಂದೇ. ಇದಕ್ಕೊಂದು ಸರಿಯಾದ ರೂಪ ಇದೆ, ಅದು ದೊಡ್ಡವರಿಗೆ ಗೊತ್ತು, ನನಗೆ ಗೊತ್ತಿಲ್ಲ.

ಕೈ ಹಿಡಿದು ಎಳೆಸಿದ ಗೆರೆಯಿಂದ ಕಲಿಕೆಯೂ ಅಷ್ಟಕ್ಕಷ್ಟೇ ಅಂತ ನನ್ನ ಅನುಮಾನ. ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಅವರ ತಂಡ 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಓದಲು ಬಾರದ ಐದು ವರ್ಷದ ಮಕ್ಕಳು. ಕೆಲವು ಅಕ್ಷರಗಳನ್ನು ತಾವೇ ಬರೆದರು, ಕೆಲವನ್ನು ಚುಕ್ಕಿಗಳ ಮೇಲೆ ತೀಡಿದರು, ಕೆಲವನ್ನು ಕೀಲಿ ಒತ್ತಿ ಟೈಪ್ ಮಾಡಿದರು. ಆಮೇಲೆ ಸ್ಕ್ಯಾನರ್‌ನಲ್ಲಿ ಮಲಗಿಸಿ ಅಕ್ಷರ ತೋರಿಸಿದರು. ಮುಂದೆ ಓದುವಾಗ ಕೆಲಸ ಮಾಡುವ ಮೆದುಳಿನ ಭಾಗಗಳು ಚುರುಕಾದದ್ದು ತಾವೇ, ಸೊಟ್ಟಪಟ್ಟ ಬರೆದ ಅಕ್ಷರಗಳಿಗೆ. ತೀಡಿದ್ದಕ್ಕೆ ಹಾಗಾಗಲಿಲ್ಲ, ಟೈಪ್ ಮಾಡಿದ್ದಕ್ಕೂ ಇಲ್ಲ. ಅದು ಅಕ್ಷರದ ಪ್ರಯೋಗ, ಚಿತ್ರದ್ದಲ್ಲ, ಒಪ್ಪುತ್ತೇನೆ. ಆದರೆ ಕೈ ಎಲ್ಲಿಗೆ ಹೋಗಬೇಕು ಅಂತ ಮಗು ತಾನೇ ಯೋಚಿಸಿ, ತಪ್ಪಿ, ಮತ್ತೆ ಎಳೆಯುವುದರಲ್ಲಿ ಏನೋ ಇದೆ ಅಂತ ಅದು ಹೇಳುತ್ತದೆ. ದಿನಾ ಮಕ್ಕಳ ಪಕ್ಕ ಕೂತಾಗ ನನಗೂ ಹಾಗೇ ಅನ್ನಿಸಿದೆ.

ಕೈಯ ಸ್ಥಿತಿಯೂ ಗೊತ್ತಿರಲಿ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಯೇ ಅಲ್ಲ, ಕಿವಿಯಂಚಿನ ಹಾಗೆ ಮೆದು. ಒಂದೊಂದಾಗಿ ಗಟ್ಟಿಯಾಗುತ್ತ, ಎಂಟನೆಯದರ ಸರದಿ ಬರುವಾಗ ಮಗುವಿಗೆ ಒಂಬತ್ತು, ಹತ್ತು ವರ್ಷ ದಾಟಿರುತ್ತದೆ. ಒಂದೂವರೆ ವರ್ಷದ ಮಗು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಬೀಸುತ್ತದೆ. ಆಮೇಲೆ ಮೊಣಕೈ ಕೆಲಸಕ್ಕೆ ಬರುತ್ತದೆ, ನಂತರ ಮಣಿಕಟ್ಟು. ಬೆರಳುಗಳ ಸಣ್ಣ ಚಲನೆಯಿಂದಲೇ ಗೆರೆ ಎಳೆಯುವುದು ಕೊನೆಗೆ, ಐದು ಆರು ವರ್ಷದ ಹೊತ್ತಿಗೆ. ಆಕಾರಗಳಿಗೂ ಒಂದು ಸರದಿ ಇದೆ. ನೋಡಿಕೊಂಡು ಸೊನ್ನೆ ಸುತ್ತುವುದು ಸುಮಾರು ಮೂರಕ್ಕೆ. ಅಡ್ಡ ಉದ್ದ ಗೆರೆಯ ಕೂಡುಚಿಹ್ನೆ ನಾಲ್ಕರ ಹತ್ತಿರ. ಚೌಕ ನಾಲ್ಕೂವರೆಯ ಆಸುಪಾಸು. ತ್ರಿಕೋನ ಐದರ ಮೇಲೆ, ಯಾಕೆಂದರೆ ಓರೆ ಗೆರೆ ಕಷ್ಟ. ಪಕ್ಕದ ಮನೆ ಹುಡುಗ ಚೌಕದ ಮೇಲೆ ತ್ರಿಕೋನ ಕೂರಿಸಿ ಮನೆ ಮಾಡುತ್ತಾನೆ ಅಂದರೆ ಅವನ ಕೈ ಸ್ವಲ್ಪ ಬೇಗ ಬಂದಿದೆ. ಇಲ್ಲವೇ ಯಾರೋ ಅದೊಂದನ್ನೇ ಅಭ್ಯಾಸ ಮಾಡಿಸಿದ್ದಾರೆ. ಎರಡೂ ತಪ್ಪಲ್ಲ. ಆದರೆ ಅವನನ್ನು ‘ಬೆಕ್ಕು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದೆ, ಬಿಡಿಸು’ ಅಂತ ಕೇಳಿ ನೋಡಬೇಕು. ಮನೆ, ಮರ, ಸೂರ್ಯ ಬಾಯಿಪಾಠವಾಗಿರುವ ಎಷ್ಟೋ ಮಕ್ಕಳು ಅಲ್ಲಿ ಕೈಚೆಲ್ಲುತ್ತಾರೆ. ಗೊದಮೊಟ್ಟೆ ಮನುಷ್ಯನನ್ನು ಸ್ವಂತ ಕಂಡುಕೊಂಡವಳು ಏನಾದರೊಂದು ಮಾಡುತ್ತಾಳೆ. (ಕೇಳಿ ಅಂದದ್ದು ಮಾತಿಗೆ. ನಿಜವಾಗಿ ಹೋಗಿ ಪಕ್ಕದ ಮನೆ ಮಗುವಿಗೆ ಪರೀಕ್ಷೆ ಕೊಡಬೇಡಿ.)

ಸರಿ, ಈಗ ‘ನೀನೇ ಬಿಡಿಸ್ಕೊಡು’. ಇದಕ್ಕೆ ‘ಇಲ್ಲ, ನೀನೇ ಬಿಡಿಸು’ ಅನ್ನುವುದು ಉತ್ತರವಲ್ಲ. ಅಲ್ಲಿಗೆ ಅಳು ಶುರು. ಅವಳ ಬೇಡಿಕೆಯನ್ನು ಮಾತಾಗಿ ತಿರುಗಿಸಿ. ನಾನು ಮಾಡುವುದು ಹೀಗೆ.

‘ನಾಯಿ ಬಿಡಿಸ್ಕೊಡು.’
‘ಯಾವ ನಾಯಿ? ನಿನ್ನೆ ನೋಡಿದ್ದಾ?’
‘ಹೂಂ. ಬಿಳೀದು.’
‘ನಿಂತಿತ್ತಾ, ಮಲಗಿತ್ತಾ?’
‘ಮಲಗಿತ್ತು. ಹಿಂಗೆ.’ ನೆಲದ ಮೇಲೆ ಮಲಗಿ ತೋರಿಸುತ್ತಾಳೆ.
‘ಕಿವಿ ಮೇಲಿತ್ತಾ, ಕೆಳಗೆ ಜೋತಿತ್ತಾ?’
‘ಜೋತಿತ್ತು. ಉದ್ದ.’
‘ಎಷ್ಟು ಉದ್ದ? ಕಾಗದದ ಮೇಲೆ ಬೆರಳಲ್ಲಿ ತೋರಿಸು.’

ಬೆರಳಲ್ಲಿ ತೋರಿಸಿದ ಮೇಲೆ ಕ್ರೇಯಾನ್ ಎತ್ತಿಕೊಳ್ಳುವುದು ದೂರವಿಲ್ಲ. ಕಿವಿಯಿಂದಲೇ ಶುರುವಾದ ನಾಯಿ ನಿಮ್ಮ ಕಣ್ಣಿಗೆ ನಾಯಿಯಂತೆ ಕಾಣದೆ ಇರಬಹುದು. ‘ಇದು ನಾಯಿನಾ?’ ಅಂತ ಮಾತ್ರ ಕೇಳಬೇಡಿ. ‘ಆ ಉದ್ದ ಕಿವಿ ಬಂತಲ್ಲ’ ಅನ್ನಿ. ಎರಡು ವಾರ ಹೀಗೆ ಮಾಡಿ. ಕೆಲವು ದಿನ ನಾಯಿ ಬರುವುದಿಲ್ಲ, ನೆಲದ ಮೇಲೆ ಮಲಗುವ ಆಟದಲ್ಲೇ ಮುಗಿಯುತ್ತದೆ. ಅದೂ ಆಗಬೇಕಾದ್ದೇ.

ನೀವು ಚಿತ್ರವನ್ನೇ ಬಿಡಿಸಬಾರದು ಅಂತ ಹೇಳುತ್ತಿಲ್ಲ. ಪಕ್ಕದಲ್ಲಿ ಕೂತು ಬಿಡಿಸಿ. ನಿಮ್ಮ ಕಾಗದ ನಿಮ್ಮದು, ಅವಳದು ಅವಳದು. ತುಂಬ ಚೆನ್ನಾಗಿ ಬಿಡಿಸುವವರಾದರೆ ಸ್ವಲ್ಪ ಕೈ ಬಿಗಿಹಿಡಿಯಿರಿ, ಬರೀ ಪಟ್ಟೆ, ಚುಕ್ಕಿ, ಸುರುಳಿ ಮಾಡಿ. ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಕಲಿಯುತ್ತಾರೆ, ನಕಲು ಪಾಪವೇನಲ್ಲ. ಆರು ವರ್ಷದ ಅಕ್ಕನ ರಾಜಕುಮಾರಿಯನ್ನು ನೋಡಿ ನಾಲ್ಕು ವರ್ಷದ ತಂಗಿ ಮಾಡುವ ನಕಲನ್ನು ನಾನು ಎಂದೂ ತಡೆದಿಲ್ಲ. ಅದು ಅವಳ ಕೈಗೆ ಎಟುಕುವ ಎತ್ತರದಲ್ಲಿದೆ. ನಾವು ದೊಡ್ಡವರು ಬಿಡಿಸುವುದು ಎಟುಕುವುದಿಲ್ಲ, ತೊಂದರೆ ಇರುವುದು ಅಲ್ಲಿ.

ಹೊಗಳಿಕೆಯ ಬಗ್ಗೆ ನೀವು ಕೇಳಲಿಲ್ಲ. ಆದರೂ ಹೇಳಲೇಬೇಕು. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಮನಃಶಾಸ್ತ್ರಜ್ಞರು ಒಂದು ಶಿಶುವಿಹಾರದಲ್ಲಿ, ಸ್ಕೆಚ್ ಪೆನ್ನಿನಲ್ಲಿ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನದ ಪತ್ರ ಕೊಡುತ್ತೇವೆ’ ಅಂದರು, ಕೊಟ್ಟರು. ಕೆಲವರಿಗೆ ಮೊದಲೇ ಹೇಳದೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದು ಸ್ಕೆಚ್ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲೆ ಇಟ್ಟು ನೋಡಿದರು. ಬಹುಮಾನಕ್ಕಾಗಿ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಹತ್ತಿರ ಹೋದರು. ಇಷ್ಟದ ಆಟವನ್ನು ಕೂಲಿ ಕೆಲಸ ಮಾಡಿದ ಹಾಗಾಯಿತು. ಆದ್ದರಿಂದ ‘ಚೆನ್ನಾಗಿ ಬಿಡಿಸಿದರೆ ಅದು ಕೊಡಿಸ್ತೀನಿ’ ಬೇಡ. ಪ್ರತಿ ಕಾಗದಕ್ಕೂ ‘ಸೂಪರ್!’ ಕೂಡ ಬೇಡ. ನೋಡದೆ ಹೇಳಿದ ಸೂಪರ್ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಕಂಡದ್ದನ್ನು ಹೇಳಿ: ‘ಇಲ್ಲಿ ಜೋರಾಗಿ ಒತ್ತಿದ್ದೀಯ.’ ‘ಈ ಗೆರೆ ಮೂಲೆವರೆಗೂ ಹೋಯ್ತು.’ ‘ಇದರ ಬಗ್ಗೆ ಹೇಳು.’ ಇಷ್ಟು ಸಾಕು.

ಸಾಮಾನಿನ ವಿಷಯದಲ್ಲಿ ಜನ ಬೇಕಿಲ್ಲದ್ದಕ್ಕೆಲ್ಲ ಖರ್ಚು ಮಾಡುತ್ತಾರೆ. ನನ್ನ ಕೇಳಿದರೆ, ಮುರಿದ ಕ್ರೇಯಾನ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಹೆಬ್ಬೆರಳಿನ ಅರ್ಧದಷ್ಟು ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ. ಮೂರು ಬೆರಳಿನ ತುದಿಯಲ್ಲೇ ಹಿಡಿಯಬೇಕು. ‘ಸರಿಯಾಗಿ ಹಿಡ್ಕೋ’ ಅಂತ ನೂರು ಸಲ ಹೇಳುವುದಕ್ಕಿಂತ ಒಂದು ಸಲ ಕ್ರೇಯಾನ್ ಮುರಿದು ಕೊಡಿ. (ಮೂರು ವರ್ಷದ ಒಳಗಿನ ಮಗು ಮನೆಯಲ್ಲಿದ್ದರೆ ತುಂಡು ಬೇಡ, ಬಾಯಿಗೆ ಹೋಗುತ್ತದೆ.) ಕಾಗದ ದೊಡ್ಡದಿರಲಿ, ಹಳೆ ಕ್ಯಾಲೆಂಡರಿನ ಹಿಂಬದಿ ಧಾರಾಳವಾಯಿತು. ನಾಲ್ಕೂ ಮೂಲೆಗೆ ಟೇಪ್ ಹಚ್ಚಿ. ಕಾಗದ ಜಾರುತ್ತಿದ್ದರೆ ಮಗುವಿನ ಅರ್ಧ ಗಮನ ಅದನ್ನು ಹಿಡಿಯುವುದಕ್ಕೇ ಹೋಗುತ್ತದೆ. ಆಗಾಗ ಅದೇ ಕಾಗದವನ್ನು ಗೋಡೆಗೆ ಅಂಟಿಸಿ, ನಿಂತು ಬಿಡಿಸಲಿ. ಭುಜ, ಮಣಿಕಟ್ಟು ಗಟ್ಟಿಯಾಗುತ್ತವೆ. ಕೂತು ಬಿಡಿಸುವಾಗ ಕಾಲು ನೆಲಕ್ಕೋ ಒಂದು ಮಣೆಗೋ ತಾಗಿರಲಿ.

ರಬ್ಬರ್ ಬೇಡ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ರಬ್ಬರ್ ಸಿಕ್ಕ ಮಗು ಉಜ್ಜುತ್ತ ಕೂರುತ್ತದೆ, ಕಾಗದ ಹರಿಯುತ್ತದೆ, ಅಳುತ್ತದೆ. ರಬ್ಬರ್ ಇಲ್ಲದಿದ್ದರೆ ತಪ್ಪಿದ ಗೆರೆ ಮರವಾಗುತ್ತದೆ, ದಾರಿಯಾಗುತ್ತದೆ, ಹಾವಾಗುತ್ತದೆ. ಬಣ್ಣ ತುಂಬುವ ಪುಸ್ತಕ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ. ಪ್ರಯಾಣದಲ್ಲಿ ಕೈಗೆ ಕೊಡಲು ಚೆನ್ನಾಗಿದೆ. ಆದರೆ ಅಲ್ಲಿ ಯೋಚನೆ ಎಲ್ಲ ಬೇರೆಯವರು ಮಾಡಿ ಮುಗಿಸಿರುತ್ತಾರೆ. ಟ್ಯಾಬ್‌ನಲ್ಲಿ ಬಿಡಿಸುವುದಕ್ಕೂ ನನ್ನ ತಕರಾರು ದೊಡ್ಡದಲ್ಲ. ಗಾಜಿನ ಮೇಲೆ ಬೆರಳು ಜಾರುತ್ತದೆ, ಕಾಗದದ ಮೇಲೆ ಕ್ರೇಯಾನ್ ತಡೆಯುತ್ತದೆ. ಆ ತಡೆಯೇ ಕೈಗೆ ಪಾಠ. ಮಣ್ಣು ಕಲಸುವುದು, ಒದ್ದೆ ಬ್ರಷ್‌ನಲ್ಲಿ ನೆಲದ ಮೇಲೆ ನೀರಿನ ಚಿತ್ರ ಬಿಡಿಸಿ ಅದು ಆರಿ ಮಾಯವಾಗುವುದನ್ನು ನೋಡುವುದು, ಇವೆಲ್ಲ ಚಿತ್ರದ ಲೆಕ್ಕಕ್ಕೇ ಸೇರುತ್ತವೆ. ನೀರಿನ ಚಿತ್ರವನ್ನು ‘ನಂಗೆ ಬರಲ್ಲ’ ಅನ್ನುವ ಮಕ್ಕಳಿಗೆ ಮೊದಲು ಕೊಡುತ್ತೇನೆ. ತಪ್ಪು ಉಳಿಯುವುದೇ ಇಲ್ಲವಲ್ಲ!

ಬರೀ ಕಪ್ಪು ಬಣ್ಣ ಅಂದಿರಿ. ಮನಸ್ಸಿನಲ್ಲಿ ಏನೋ ಬೇಸರ ಇದೆಯಾ ಅನ್ನುವ ಹೆದರಿಕೆ ಅದರ ಹಿಂದಿದೆ ಅಂದುಕೊಂಡೆ. ಬಿಳಿ ಕಾಗದದ ಮೇಲೆ ಅತಿ ಚೆನ್ನಾಗಿ ಕಾಣುವುದು ಕಪ್ಪು. ಹಳದಿ ಕ್ರೇಯಾನ್‌ನಲ್ಲಿ ಒಂದು ಮುಖ ಬಿಡಿಸಿ ನೋಡಿ, ನಿಮಗೇ ಸಿಟ್ಟು ಬರುತ್ತದೆ. ಈ ವಯಸ್ಸಿನಲ್ಲಿ ಬಣ್ಣಕ್ಕೂ ವಸ್ತುವಿಗೂ ನಂಟು ಇನ್ನೂ ಗಟ್ಟಿಯಾಗಿರುವುದಿಲ್ಲ. ಹುಲ್ಲು ನೇರಳೆ, ಅಮ್ಮ ಹಸಿರು, ಯಾವುದು ಕೈಗೆ ಸಿಕ್ಕಿತೋ ಅದು. ಒಂದೇ ಚಿತ್ರದಿಂದ, ಒಂದೇ ಬಣ್ಣದಿಂದ ಮಗುವಿನ ಮನಸ್ಸು ಓದುತ್ತೇವೆ ಅನ್ನುವವರನ್ನು ನಾನು ನಂಬುವುದಿಲ್ಲ. ಮಗು ಊಟ, ನಿದ್ದೆ, ಆಟ ಬಿಟ್ಟು ಮಂಕಾಗಿದ್ದರೆ ಆ ಬದಲಾವಣೆಯನ್ನು ನೋಡಿ, ಕ್ರೇಯಾನ್ ಡಬ್ಬಿಯನ್ನಲ್ಲ. ಬೇಸರವಾದಾಗ ‘ನಿನ್ನ ಬೇಸರವನ್ನೇ ಬಿಡಿಸು’ ಅಂತ ಒತ್ತಾಯಿಸುವುದೂ ಬೇಡ. ಡ್ರೇಕ್ ಮತ್ತು ವಿನ್ನರ್ ಅನ್ನುವ ಸಂಶೋಧಕರು ನಿಮ್ಮ ಮಗಳಿಗಿಂತ ದೊಡ್ಡ, ಆರರಿಂದ ಹನ್ನೆರಡರ ಮಕ್ಕಳಲ್ಲಿ ನೋಡಿದ್ದು ಇದು: ಬೇಜಾರಿನ ಘಟನೆಯನ್ನೇ ಬಿಡಿಸಿದವರಿಗಿಂತ ಬೇರೇನೋ ಬಿಡಿಸಿದವರ ಮನಸ್ಸು ಜಾಸ್ತಿ ಹಗುರಾಯಿತು.

ಬುದ್ಧಿ ಬೆಳೆಯುತ್ತಾ? ಮನುಷ್ಯನ ಚಿತ್ರ ಬಿಡಿಸಿ ಬುದ್ಧಿ ಅಳೆಯುವ ಪರೀಕ್ಷೆಯೊಂದನ್ನು ಫ್ಲಾರೆನ್ಸ್ ಗುಡಿನಫ್ 1926ರಲ್ಲೇ ಮಾಡಿದ್ದರು. ಅಂಥ ಒಂದು ಚಿತ್ರದಿಂದ ಬುದ್ಧಿ ಅಳೆಯುವುದನ್ನು ಈಗ ಬಹಳ ಜನ ಒಪ್ಪುವುದಿಲ್ಲ. ಚಿತ್ರ ಬಿಡಿಸಿದ್ದಕ್ಕೆ ಲೆಕ್ಕದಲ್ಲಿ ಅಂಕ ಜಾಸ್ತಿ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ನನಗೆ ಕಾಣುವುದು ಬೇರೆ. ಒಂದು ಗೆರೆ ಇನ್ನೇನಕ್ಕೋ ಗುರುತಾಗಬಲ್ಲದು, ಈ ಸೊನ್ನೆ ಅಂದರೆ ಅಮ್ಮ, ಅನ್ನುವುದು ಸಣ್ಣ ಸಂಗತಿಯಲ್ಲ. ಅಕ್ಷರ ಅಂದರೂ ಅಷ್ಟೇ ತಾನೇ? ಗುರುತು ಒಂದು, ಅದರ ಹಿಂದೆ ಇನ್ನೊಂದು. ಜೊತೆಗೆ ಚಿತ್ರದ ಪಕ್ಕ ಕೂತು ಮಾತಾಡಿದ ಮಗುವಿನ ಮಾತು ಉದ್ದವಾಗುತ್ತದೆ. ‘ಮೊದಲು ಹೀಗಾಯ್ತು, ಆಮೇಲೆ ಹಾಗಾಯ್ತು’ ಅಂತ ಕಥೆ ಕಟ್ಟುತ್ತದೆ.

ಡ್ರಾಯಿಂಗ್ ಕ್ಲಾಸ್ ಈಗ ಬೇಡ ಅಂತ ನನ್ನ ಅಭಿಪ್ರಾಯ. ಸೇರಿಸಲೇಬೇಕು ಅಂತಿದ್ದರೆ ಒಳಗೆ ಹೋಗಿ ಗೋಡೆ ನೋಡಿ. ಇಪ್ಪತ್ತು ಮಕ್ಕಳ ಇಪ್ಪತ್ತು ಗುಡ್ಡ, ಎಲ್ಲದರ ನಡುವೆ ಒಂದೇ ಥರದ ಸೂರ್ಯ ಇದ್ದರೆ ನಮಸ್ಕಾರ ಹೇಳಿ ಬನ್ನಿ. ಒಂದರ ಹಾಗೆ ಒಂದಿಲ್ಲದಿದ್ದರೆ, ನೆಲದ ಮೇಲೆ ಬಣ್ಣ ಚೆಲ್ಲಿದ್ದರೆ, ಕೂತು ಮಾತಾಡಿ.

ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳು ಕೆಲವೇ. ನಾಲ್ಕು ತುಂಬಿದರೂ ತೋರಿಸಿಕೊಟ್ಟ ಸೊನ್ನೆ ಸುತ್ತಲು ಆಗದಿದ್ದರೆ, ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗುತ್ತಿದ್ದರೆ, ಮೊದಲು ಮಾಡುತ್ತಿದ್ದುದನ್ನು ಈಗ ಮಾಡಲಾಗದಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ. ಎಡಗೈಯಲ್ಲಿ ಬಿಡಿಸುತ್ತಾಳೆ ಅನ್ನುವುದು ಈ ಪಟ್ಟಿಯಲ್ಲಿಲ್ಲ. ಹಾಗಿದ್ದರೆ ಬದಲಾಯಿಸಲು ಹೋಗಬೇಡಿ.

ಉಳಿದದ್ದು ಕಾಗದದ ರಾಶಿ. ಎಲ್ಲವನ್ನೂ ಇಡಬೇಕಿಲ್ಲ. ವಾರಕ್ಕೆ ಒಂದು, ಅವಳೇ ಆರಿಸಲಿ. ಹಿಂಬದಿಯಲ್ಲಿ ದಿನಾಂಕ ಬರೆಯಿರಿ, ಬಿಡಿಸುವಾಗ ಅವಳು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆಯಿರಿ. ಆರು ತಿಂಗಳ ಮೇಲೆ ಸಾಲಾಗಿ ಹಾಕಿ ನೋಡಿದರೆ ಪಕ್ಕದ ಮನೆ ಹುಡುಗನ ನೆನಪೂ ಬರುವುದಿಲ್ಲ. ನನ್ನ ಹತ್ತಿರ ಹಾಗೆ ಇಟ್ಟ ಒಂದು ಕಾಗದ ಇದೆ. ಮೂರೂವರೆ ವರ್ಷದ ಹುಡುಗನದು. ಕಾಗದದ ನಡುವಿನಿಂದ ಹೊರಟ ಒಂದೇ ಒಂದು ಕಂದು ಗೆರೆ ಸುತ್ತಿ ಬಳಸಿ ಅಂಚಿಗೆ ಬಂದು ಕಡಿದು ಹೋಗಿದೆ. ನೋಡಿದವರು ಗೀಚಾಟ ಅನ್ನುತ್ತಾರೆ. ಅವತ್ತು ಅವನು ಅದನ್ನು ಎಳೆಯುತ್ತ ಉಸಿರು ಬಿಗಿಹಿಡಿದು ಪಿಸುಗುಡುತ್ತಿದ್ದ, ಅಂಚಿಗೆ ಬಂದರೂ ನಿಲ್ಲಿಸಲಿಲ್ಲ. ಹಿಂಬದಿಯಲ್ಲಿ ನನ್ನ ಕೈಬರಹದಲ್ಲಿ ಹೀಗಿದೆ: ‘ಇರುವೆ ಮನೆಗೆ ಹೋಗ್ತಾ ಇದೆ. ಇರುವೆ ಮನೆಗೆ ಹೋಯ್ತು.’ ಅದರ ಕೆಳಗೆ ಆವರಣದಲ್ಲಿ: ಮನೆ ಮೇಜಿನ ಮೇಲಿದೆ, ಒರೆಸಬೇಡಿ.